ನಡಾವಳಿ ಪುಸ್ತಕದ ಅರ್ಧ ಪುಟ

ಮೆಂಬ್ರಕ್ಕನ ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಬಾಗಿತ್ತು. ಸೆರಗನ್ನು ಅದರ ಹಿಂದಕ್ಕೆ ಸಿಕ್ಕಿಸಿ ಸಿಕ್ಕಿಸಿ ಹಾಗಾಗಿರಬೇಕು. ಯಾರು ಮಾತಾಡಿದರೂ ಅವರ ಮುಖ ನೋಡುವ ಅಭ್ಯಾಸ ಇವರಿಗಿರಲಿಲ್ಲ. ನೆಲ ನೋಡುತ್ತಾ ಆ ಕಿವಿಯನ್ನು ಮಾತಿನ ಕಡೆ ತಿರುಗಿಸಿ ಕೂರುತ್ತಿದ್ದರು. ಪಂಚಾಯಿತಿಗೆ ಹೊಸ ಕಾರ್ಯದರ್ಶಿಯಾಗಿ ಹೋದ ನಾನು, ಪಾಪ, ಕಿವಿ ಮಂದವೇನೋ ಎಂದುಕೊಂಡು ಮೊದಲ ದಿನ ಗಟ್ಟಿಯಾಗಿ ಮಾತಾಡಿಸಿದೆ. "ಎಂತಕೆ ಕೂಗ್ತ್ರಿ? ಕೂಗುವವ್ರ್ ಎಂತದೋ ಮುಚ್ಚಿಡ್ತ್ರ್" ಅಂದರು. ನಮ್ಮ ಪರಿಚಯವಾದದ್ದು ಹೀಗೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೈಂದೂರಿನ ಕಡೆಯ ಒಂದು ಪಂಚಾಯಿತಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಿಮಗೆ ಯಾರು ಹೇಳಿಕೊಟ್ಟದ್ದು ಎಂದು ಅವರು ಮೇಲಿನಿಂದಲೇ ಕೇಳಿಯಾರು. ಬೆಳಿಗ್ಗೆ ಬುಟ್ಟಿ ಹೊತ್ತು ಯಡ್ತರೆ, ಬಿಜೂರುಗಳ ಮನೆಮನೆಗೆ ಮೀನು ಮಾರಿ, ಮಿಂದು, ಮಧ್ಯಾಹ್ನ ಸಭೆಗೆ ಬರುವ ಸದಸ್ಯೆ ಅವರು. ಓದಿದ್ದು ಎರಡನೇ ತರಗತಿ. ಮಕ್ಕಳಿಂದ ಹಿಡಿದು ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಮೆಂಬ್ರಕ್ಕ.

ಅವರ ಅನುಮಾನಕ್ಕೆ ಊರಿನಲ್ಲಿ ಹೊರತಾದವರು ಯಾರೂ ಇರಲಿಲ್ಲ. ವಿಧವಾ ವೇತನದ ಅರ್ಜಿ ನಾನೇ ತುಂಬಿಕೊಡುತ್ತೇನೆಂದರೆ, ಅದರಲ್ಲಿ ನಿಮಗೇನು ಲಾಭ ಎಂದು ಕೇಳಿದರು. ಒಮ್ಮೆ ಪಕ್ಕದ ಮನೆಯವರು ಬೇಲಿ ಒತ್ತಿದ್ದಾರೆಂದು ರಂಪ ಮಾಡಿ ಅಳೆಸಿದರೆ, ಒತ್ತಿದ್ದು ಇವರದೇ ಬೇಲಿ. ತಪ್ಪಾಯಿತು ಎನ್ನಲಿಲ್ಲ. ಮಾರನೇ ದಿನ ಆ ಮನೆಯ ಜಗಲಿಯಲ್ಲಿ ಒಳ್ಳೆಯ ಬಂಗುಡೆ ಇಟ್ಟು ಹೋದರು. ಅವರಿವರೊಂದಿಗೆ ಸೇರಿ ನಾನೂ ಇದನ್ನೆಲ್ಲ ಹೇಳಿಕೊಂಡು ನಕ್ಕಿದ್ದೇನೆ.

ಅವರು ನಂಬುತ್ತಿದ್ದದ್ದು ಮೃಗಪಕ್ಷಿಗಳ ಕೂಗನ್ನು ಮಾತ್ರ. ಬುಟ್ಟಿ ಇಳಿಸಿ ಮನೆಯೊಳಗೆ ಚೌಕಾಸಿಗೆ ನಿಂತರೂ, ಹೊರಗೆ ಕಾಗೆ ಕೂಗಿದ ರೀತಿಯಲ್ಲೇ ಬಂದದ್ದು ಬೆಕ್ಕೋ ಗಿಡುಗವೋ ಎಂದು ಹೇಳುತ್ತಿದ್ದರು. ನಾಯಿ ಹಸಿದು ಬೊಗಳುವುದಕ್ಕೂ ಹೆದರಿ ಬೊಗಳುವುದಕ್ಕೂ ಇರುವ ವ್ಯತ್ಯಾಸವನ್ನು ನನಗೆ ಕಲಿಸಲು ನೋಡಿದರು. ನನಗೆ ಹತ್ತಲಿಲ್ಲ. ಇದೂ ಅವರ ಗತ್ತಿನ ಒಂದು ಭಾಗವೆಂದೇ ನನ್ನ ಗುಮಾನಿ.

ಅವರ ಮನೆಯ ಹಿಂದೆ ಬೈಲು, ಅಂದರೆ ತಗ್ಗಿನ ಗದ್ದೆಗಳು. ನಡುವೆ ಒಂದು ತೋಡು. ಮಳೆಗಾಲದಲ್ಲಿ ಮೇಲಿನ ಕೇರಿಯ ನೀರೆಲ್ಲ ಅದರಲ್ಲೇ ಹರಿದು ಹೊಳೆ ಸೇರಬೇಕು. ಬೇಸಿಗೆಯಲ್ಲಿ ಅದು ಬತ್ತುತ್ತದೆ. ಆಗ ಊರವರು ಅದರೊಳಗೇ ನಡೆದು ಪೇಟೆಗೆ ಹೋಗುತ್ತಾರೆ. ಕೊಯ್ಲಾದ ಮೇಲೆ ಗದ್ದೆಯಲ್ಲಿ ಟಿಟ್ಟಿಭ ಹಕ್ಕಿಗಳು ನೆಲದ ಮೇಲೆ ಮೊಟ್ಟೆಯಿಡುತ್ತವೆ.

ಒಂದು ಬೇಸಿಗೆ ಸಭೆಯ ನೋಟಿಸು ಕೊಡಲು ಅವರ ಮನೆಗೆ ಹೋಗಿದ್ದೆ. ಬೈಲಿನಲ್ಲಿ ಟಿಟ್ಟಿಭ ಕಿರುಚತೊಡಗಿತು. ಅವರು ನೋಟಿಸನ್ನು ಹಾಗೇ ಹಿಡಿದು ಕಿವಿಗೊಟ್ಟರು.

"ಇದ್ ದನ ಅಲ್ಲ. ನಮ್ಮವ್ರ್ ಹೋದ್ರೆ ಎರಡ್ ಸಲ ಕೂಗಿ ಸುಮ್ಮನಾತ್ತ್. ಇದ್ ನಿಲ್ಸ್ತಿಲ್ಲೆ. ಯಾರೋ ಹೊಸಬ್ರ್ ಒಂದೇ ಬದಿಯಗೆ ನಿಂತ್ಕಂಡಿದ್ರ್."

ಹೋಗಿ ನೋಡಿದರೆ ನಿಜವೇ. ಮೂರು ಕಾಲಿನ ಉಪಕರಣ ನೆಟ್ಟುಕೊಂಡು ಇಬ್ಬರು ಅಳತೆ ಮಾಡುತ್ತಿದ್ದರು. ಹಕ್ಕಿ ಅವರ ತಲೆಯ ಮೇಲೆಯೇ ಸುತ್ತುತ್ತಿತ್ತು. ಪಟ್ಟಣದ ಯೋಜನೆಗೆ ನಿಮ್ಮ ಊರೂ ಸೇರುತ್ತದೆ, ನಕ್ಷೆ ಆಗುತ್ತಿದೆ ಎಂದರು. ಪಂಚಾಯಿತಿಗೆ ತಿಳಿಸಿದ್ದೀರಾ ಎಂದು ಮೆಂಬ್ರಕ್ಕ ಕೇಳಿದರು. ತಿಳಿಸುತ್ತಾರೆ ಎಂಬ ಉತ್ತರ ಬಂತು. ದಾರಿಯಲ್ಲಿ ವಾಪಸು ಬರುವಾಗ ಅವರು ನನ್ನನ್ನೂ ಓರೆಗಣ್ಣಿನಿಂದ ನೋಡಿದರು. ನನಗೆ ಗೊತ್ತಿತ್ತೆಂದೇ ಅವರ ಲೆಕ್ಕ. ಆಣೆ ಮಾಡಿ ಹೇಳುತ್ತೇನೆ, ಆ ದಿನ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಎರಡು ತಿಂಗಳ ನಂತರ, ನಕ್ಷೆಯೊಂದಿಗೆ ಪತ್ರ ಬಂದಾಗ. ಪಂಚಾಯಿತಿಯ ಒಪ್ಪಿಗೆಯ ನಿರ್ಣಯ ಬೇಗ ಕಳಿಸಬೇಕಂತೆ. ಅಧ್ಯಕ್ಷರು ಕೆಟ್ಟವರಲ್ಲ, ರಗಳೆ ಬೇಡವೆನ್ನುವ ಸ್ವಭಾವ. ಇದನ್ನು ಸಭೆಗೆ ತಂದರೆ ಸಂಜೆಯವರೆಗೂ ಕೂಗಾಟ. ಸಹಿ ಮಾಡಿಸಿಕೊಂಡು ನೀವು ಆಮೇಲೆ ಬರೆದುಬಿಡಿ ಎಂದರು. ಹಾಗೆ ಬರೆಯುವುದು ಹೊಸದೇನೂ ಅಲ್ಲ. ಸದಸ್ಯರು ಚಾ ಕುಡಿದು, ಬನ್ಸು ತಿಂದು, ಸಭೆಯ ನಡಾವಳಿ ಪುಸ್ತಕದಲ್ಲಿ ಪುಟದ ಕೊನೆಗೆ ಸಹಿ ಹಾಕಿ ಹೋಗುವುದು. ಮೇಲಿನ ಖಾಲಿ ಜಾಗವನ್ನು ಕಾರ್ಯದರ್ಶಿ ನಿಧಾನವಾಗಿ ತುಂಬುವುದು. ನಾನಂತೂ ಬ್ರಹ್ಮಾವರದ ಕಡೆಗೆ ವರ್ಗಾವಣೆ ಕೇಳಿದ್ದೆ. ಅದಕ್ಕೆ ಅಧ್ಯಕ್ಷರ ಒಂದು ಮಾತು ಬೇಕಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಸಭೆಯ ದಿನ ಬೀದಿದೀಪ, ಶಾಲೆಯ ಬಾವಿ ಎಲ್ಲ ಓದಿ, ಕೆಳಗೆ ಅರ್ಧ ಪುಟ ಬಿಟ್ಟು ಸಹಿಗೆ ಪುಸ್ತಕ ದಾಟಿಸಿದೆ. ಎಲ್ಲರೂ ಹಾಕಿದರು. ಮೆಂಬ್ರಕ್ಕ ಪೆನ್ನು ಮುಟ್ಟಲಿಲ್ಲ. ಇನ್ನೊಮ್ಮೆ ಓದಿ ಎಂದರು. ಓದಿ, ಇಷ್ಟೇ ಎಂದೆ.

"ಬಾವಿ ತನಕ ನಿಮ್ ಸ್ವರ ಸಮ ಇತ್ತ್. ಆಮೇಲ್ ಸಣ್ಣ ಆಯ್ತ್" ಅಂದರು, ನೆಲ ನೋಡುತ್ತಲೇ. "ಆ ಖಾಲಿ ಜಾಗಕ್ಕೆ ಗೀಟ್ ಹಾಕಿ ಕಾಂಬ."

ಅಧ್ಯಕ್ಷರ ಕಡೆ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು. ಏನಾದರೂ ಒಂದು ನೆಪ ಹೇಳಬಹುದಿತ್ತು. ಬದಲಿಗೆ ಪೆನ್ನು ತೆಗೆದುಕೊಂಡು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಅಡ್ಡಗೀಟು ಎಳೆದೆ. ಗೀಟು ಸೊಟ್ಟಗಾಯಿತು. ಆಮೇಲೆ ಬೇರೆ ದಾರಿಯಿರಲಿಲ್ಲ. ಕಪಾಟಿನಿಂದ ಪತ್ರ ಹೊರಗೆ ಬಂತು, ನಕ್ಷೆ ಮೇಜಿನ ಮೇಲೆ ಹರಡಿತು.

ಅಕ್ಷರ ಕೂಡಿಸಿ ಓದಲು ಒದ್ದಾಡುವ ಹೆಂಗಸು ನಕ್ಷೆಯ ಮೇಲೆ ಬೆರಳಿಟ್ಟು, ಇದು ಶಾಲೆಯಾ, ಇದು ಹೊಳೆಯಾ ಎಂದು ಕೇಳುತ್ತಾ ತಮ್ಮ ಮನೆಯ ಹಿಂದಕ್ಕೆ ಬಂದರು. ಅಲ್ಲಿ ತೋಡೇ ಇರಲಿಲ್ಲ. ಅದರ ಜಾಗದಲ್ಲಿ ಅಗಲವಾದ ರಸ್ತೆ, ಎರಡೂ ಕಡೆ ಮನೆ ಕಟ್ಟುವ ಜಾಗ. ಬೇಸಿಗೆಯಲ್ಲಿ ಬಂದವರು ಜನ ನಡೆಯುವುದನ್ನು ಕಂಡು ಅದನ್ನು ದಾರಿಯೆಂದೇ ಬರೆದುಕೊಂಡಿದ್ದರು. ಆ ರಸ್ತೆಗೆ ಮಣ್ಣು ಬಿದ್ದರೆ ಮೇಲಿನ ಕೇರಿಯ ನಲವತ್ತು ಮನೆಯ ಅಂಗಳದಲ್ಲಿ ನೀರು ನಿಲ್ಲುವುದು ಖಂಡಿತ. ಆಗ ಅಧ್ಯಕ್ಷರೂ ಫ್ಯಾನು ಬಿಟ್ಟು ಕೆಳಗೆ ನೋಡಿದರು. ಅವರ ತಂಗಿಯ ಮನೆಯೂ ಆ ಕೇರಿಯಲ್ಲೇ ಇತ್ತು.

ಸಂಜೆಯವರೆಗೂ ಕೂಗಾಟ ಆಯಿತು. ಹೊಸ ಪುಟದಲ್ಲಿ ಮೆಂಬ್ರಕ್ಕ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ: ನಮ್ಮ ಊರಿನ ನಕ್ಷೆ ನಮ್ಮ ಗ್ರಾಮಸಭೆಯ ಮುಂದೆ ಬರಬೇಕು, ಅಳತೆಯವರು ಮಳೆಗಾಲದಲ್ಲಿ ಒಮ್ಮೆ ಬರಬೇಕು, ಅಲ್ಲಿಯವರೆಗೆ ಒಪ್ಪಿಗೆಯಿಲ್ಲ. ಅದನ್ನು ಮೂರು ಸಲ ಓದಿಸಿದ ಮೇಲೆ ಮೆಂಬ್ರಕ್ಕ ಸಹಿ ಹಾಕಿದರು.

ಅಳತೆಯವರು ಬಂದದ್ದು ಎರಡು ನೆನಪೋಲೆ ಬರೆದ ಮೇಲೆ, ಆಟಿ ತಿಂಗಳ ಜಡಿಮಳೆಯಲ್ಲಿ. ತೋಡಿನಲ್ಲಿ ಎದೆಮಟ್ಟದ ನೀರು. ದಡದಲ್ಲಿ ಛತ್ರಿ ಹಿಡಿದು ನಿಂತು ಟಿಪ್ಪಣಿ ಮಾಡಿಕೊಂಡರು. ಮುಂದಿನ ನಕ್ಷೆಯಲ್ಲಿ ರಸ್ತೆ ಆಚೆ ಸರಿದು ತೋಡು ಮರಳಿ ಬಂದಿತ್ತು. ಅದನ್ನು ತೋರಿಸಿದಾಗ ಮೆಂಬ್ರಕ್ಕನಿಗೆ ಸಂತೋಷವಾಗಬೇಕಲ್ಲ? ಇಷ್ಟು ಸುಲಭಕ್ಕೆ ಹೇಗೆ ಒಪ್ಪಿದರು, ಇದರ ಹಿಂದೆ ಮತ್ತೇನಿದೆ ಎಂದು ಒಂದು ವಾರ ತಲೆ ಕೆಡಿಸಿಕೊಂಡರು. ನನ್ನ ವರ್ಗಾವಣೆ ನಾಲ್ಕು ವರ್ಷ ತಡವಾಯಿತು.

ಬಹಳ ಕಾಲದ ನಂತರ ಅವರು ಕುಂದಾಪುರದ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋದೆ. ಮಂಚದಲ್ಲಿ ಇಷ್ಟೇ ಇಷ್ಟಾಗಿದ್ದರು. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಹೇಳಿಬಿಟ್ಟೆ: ಆ ದಿನ ನಾನು ಬೇಕೆಂದೇ ಅರ್ಧ ಪುಟ ಬಿಟ್ಟಿದ್ದೆ.

"ಅದ್ ಗೊತ್ತಿತ್ತ್" ಅಂದರು. "ಗೀಟ್ ಹಾಕಿದ್ದ್ ಎಂತಕೆ ಅಂದೇಳಿ ಮಾತ್ರ ಇವತ್ತಿಗೂ ಗೊತ್ತಾಯ್ಲಿಲ್ಲೆ."

ಒಳ್ಳೆಯ ಮಾತು ಹುಡುಕಿದೆ. ಸಿಗಲಿಲ್ಲ. "ನಿಮಗೆ ಹೆದರಿ, ಅಕ್ಕ" ಎಂದೆ.

ಅವರ ಮುಖ ಸಡಿಲವಾಯಿತು. "ಹಾಂಗಾರ್ ಅಡ್ಡಿಲ್ಲೆ. ನಾನ್ ಇಷ್ಟ್ ವರ್ಷ, ನೀವ್ ಒಳ್ಳೆಯವ್ರೋ ಏನೋ ಅಂದೇಳಿ ಅನುಮಾನ ಮಾಡ್ಕಂಡಿದ್ದೆ."

ಮೂರು ವಾರದಲ್ಲಿ ತೀರಿಕೊಂಡರು. ಆ ಊರು ಬಿಟ್ಟ ಮೇಲೆ ನಾನು ಮೂರು ಪಂಚಾಯಿತಿಗಳಲ್ಲಿ ಕೆಲಸ ಮಾಡಿದೆ. ಎಲ್ಲಿಯೂ ಸದಸ್ಯರು ಪುಟ ನೋಡದೆ ಸಹಿ ಹಾಕುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ನಿವೃತ್ತನಾಗುವವರೆಗೂ ಒಂದು ಸಾಲಿನಷ್ಟು ಜಾಗ ಖಾಲಿ ಬಿಡುವ ಧೈರ್ಯ ನನಗೆ ಬರಲಿಲ್ಲ.