ಭಾವ ವೈಫೈ ಹೆಸರು ಬದಲಿಸಿದ್ದು

ಅಂಚೆ ಕಚೇರಿಯಲ್ಲಿ ನಮ್ಮ ಭಾವನನ್ನು ಎಲ್ಲರೂ ‘ಪತ್ತೆ ಸಾಹೇಬರು’ ಎಂದೇ ಕರೆಯುತ್ತಿದ್ದರು. ಸಾಹೇಬರೆನ್ನುವಷ್ಟು ದೊಡ್ಡ ಹುದ್ದೆಯೇನಲ್ಲ. ಹಿಂಬದಿಯ ಕಿಟಕಿಯಿಲ್ಲದ ಕೋಣೆ, ಒಂದು ಮೇಜು, ಹಿಡಿ ಸಡಿಲವಾದ ಒಂದು ಭೂತಗನ್ನಡಿ, ಎದುರಿಗೆ ವಿಳಾಸ ಸರಿಯಿಲ್ಲದೆ ಎಲ್ಲಿಗೂ ಹೋಗಲಾರದೆ ಕೂತ ಕಾಗದಗಳ ರಾಶಿ. ಅವನ್ನು ಹೇಗಾದರೂ ಮಾಡಿ ಸೇರಬೇಕಾದವರಿಗೆ ಸೇರಿಸುವುದು ಅವರ ಕೆಲಸ. ‘ದೊಡ್ಡ ಮರದ ಎದುರು, ಕೆಮ್ಮುವ ಹಲ್ಲಿನ ಡಾಕ್ಟರಿಗೆ’ ಎಂದಷ್ಟೇ ಬರೆದ ಕಾಗದವೊಂದು ಬಂದಾಗ, ಕೆಮ್ಮುವುದು ಡಾಕ್ಟರೋ ಹಲ್ಲೋ ಎಂದು ಉಳಿದವರು ನಗುತ್ತಿದ್ದರೆ, ಭಾವ ಮಧ್ಯಾಹ್ನದ ಬಿಡುವಿನಲ್ಲಿ ಊರಿನ ದೊಡ್ಡ ಮರಗಳನ್ನೆಲ್ಲ ಸುತ್ತಿ, ಮೂರನೆಯ ಮರದ ಎದುರಿನ ದವಾಖಾನೆಯ ಮುಂದೆ ನಿಂತು ಕಿವಿಗೊಟ್ಟಿದ್ದರಂತೆ. ಒಳಗಿನಿಂದ ಕೆಮ್ಮು ಕೇಳಿಸಿತು. ಕಾಗದ ಸೇರಿತು.

ನಿವೃತ್ತಿಯ ದಿನ ಎಲ್ಲರಿಗೂ ಗಡಿಯಾರ, ಚೀಲ ಕೊಡುತ್ತಾರೆ. ಭಾವ ಕೇಳಿ ಪಡೆದದ್ದು, ಕಚೇರಿಯವರು ಗುಜರಿಗೆ ಹಾಕಲು ಅಂಗಳದಲ್ಲಿಟ್ಟಿದ್ದ, ಕಾಗದ ವಿಂಗಡಿಸುವ ಉಕ್ಕಿನ ಕಪಾಟನ್ನು. ಆರು ಸಾಲು, ಸಾಲಿಗೆ ಎಂಟು ಖಾನೆ; ಬೆನ್ನಿಗೂ ಪಕ್ಕಗಳಿಗೂ ದಪ್ಪ ತಗಡು, ಮುಂಭಾಗ ಖಾಲಿ, ಮೇಲಿನ ಸಾಲಿಗೆ ಮುಚ್ಚಳವಿಲ್ಲ. ನಾಲ್ಕು ಜನ ಹೊತ್ತು ತಂದು ನಡುಮನೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದರು. ಅಂದಿನಿಂದ ಆ ಮನೆಯ ಪ್ರತಿ ವಸ್ತುವಿಗೂ ಒಂದು ನಂಬರು. ಕತ್ತರಿ ಏಳರಲ್ಲಿ, ಅಕ್ಕನ ಕನ್ನಡಕ ಇಪ್ಪತ್ತರಲ್ಲಿ, ವೈಫೈ ರೂಟರು ಐದರಲ್ಲಿ, ನಾನು ಮರೆತುಹೋದ ಕೊಡೆ ನಲವತ್ತೆಂಟರಲ್ಲಿ. ಎರಡು ಬೀದಿ ಆಚೆ ಇರುವ ನನಗೆ ಫೋನು ಬರುತ್ತಿತ್ತು: “ನಲವತ್ತೆಂಟು ಖಾಲಿ ಮಾಡಯ್ಯಾ, ಜಾಗ ಬೇಕು.”

ಈಗ ಅಕ್ಕನ ವಿಷಯ. ಅಕ್ಕ ಒಂದು ಕಣ್ಣಿನ ಆಸ್ಪತ್ರೆಗೆ ಮನೆಯಿಂದಲೇ ಫೋನ್ ಕರೆ ತೆಗೆದುಕೊಳ್ಳುತ್ತಾಳೆ. ಒಳಕೋಣೆಯಲ್ಲಿ ಆಸ್ಪತ್ರೆಯವರೇ ಕೊಟ್ಟ ಲ್ಯಾಪ್‌ಟಾಪ್, ಕಿವಿಗೆ ಹೆಡ್‌ಫೋನು. ‘ಯಾವ ಕಣ್ಣು? ಎಡಗಣ್ಣಾ, ಬಲಗಣ್ಣಾ? ಬುಧವಾರ ಹನ್ನೊಂದಕ್ಕೆ ಬನ್ನಿ’ ಎನ್ನುವುದು ದಿನವಿಡೀ ಕೇಳಿಸುತ್ತದೆ. ಮೊದಲು ಇದೇ ಕೆಲಸಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ (ಕಾಲು ಕೈಕೊಡುವುದು ಹೇಗೆಂದು ನನ್ನನ್ನು ಕೇಳಬೇಡಿ) ಮನೆಯಿಂದ ಮಾಡಲು ಬಿಟ್ಟಿದ್ದರು. ಆದರೆ ಷರತ್ತು: ಒಂದು ತಿಂಗಳಲ್ಲಿ ಮೂರು ಸಲ ಕರೆ ನಡುವೆ ಕಡಿದುಹೋದರೆ, ಮರುವಾರದಿಂದ ಮತ್ತೆ ಬಸ್ಸು.

ಆ ತಿಂಗಳು ಆಗಲೇ ಎರಡು ಸಲ ಕಡಿದಿತ್ತು. ಬರುವ ಶುಕ್ರವಾರ ಹತ್ತರಿಂದ ಒಂದರವರೆಗೆ ಅಕ್ಕನ ಕರೆಗಳನ್ನು ತಾನೇ ಕೂತು ಕೇಳಿಸಿಕೊಳ್ಳುತ್ತೇನೆಂದು ಆಸ್ಪತ್ರೆಯ ಮೇಲಧಿಕಾರಿ ಮೇಡಂ ಹೇಳಿದ್ದರು.

“ಮೂರು ಗಂಟೆ ಹೊತ್ತು ಈ ದರಿದ್ರ ನೆಟ್ಟು ನೆಟ್ಟಗಿದ್ದರೆ ಸಾಕು ಕಣೋ” ಎಂದಳು ಅಕ್ಕ, ನಾನು ಶನಿವಾರ ಹೋದಾಗ.

ನನಗೆ ತಿಳಿದದ್ದು ಅಷ್ಟಿಷ್ಟು. ಭಾವನ ಫೋನಿನಲ್ಲಿ ರೂಟರಿನ ಪುಟ ತೆರೆದು, ಅದರ ಜೊತೆ ಯಾವುದೆಲ್ಲ ಕೂಡಿಕೊಂಡಿವೆ ಎಂಬ ಪಟ್ಟಿ ತೋರಿಸಿದೆ. ಅಕ್ಕನ ಲ್ಯಾಪ್‌ಟಾಪು, ಅಕ್ಕನ ಫೋನು, ಭಾವನ ಫೋನು, ಟೀವಿ, ಪ್ರಿಂಟರು.

“ಇದು ಯಾವುದಯ್ಯಾ, ಆರನೇದು?”

ಆರನೆಯದಕ್ಕೆ ಹೆಸರಿರಲಿಲ್ಲ. ಬರೀ ಅಂಕಿ, ಅಕ್ಷರ.

“ಯಾರೋ ನಿಮ್ಮ ನೆಟ್ ಕದೀತಿದ್ದಾರೆ ಭಾವ. ಪಾಸ್‌ವರ್ಡ್ ಬದಲಿಸಿದರೆ ಮುಗೀತು.”

ಅಕ್ಕ ಒಳಗಿನಿಂದಲೇ ಕೂಗಿದಳು. “ಈಗಲೇ ಬದಲಿಸಿ! ನನ್ನ ಕರೆ ಕಡಿಯೋದು ಅವನಿಂದಲೇ!”

ಭಾವ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಭೂತಗನ್ನಡಿ ತಂದು ಫೋನಿನ ಮೇಲೆ ಹಿಡಿದಿದ್ದರು. ನಿವೃತ್ತರಾಗಿ ಮೂರು ವರ್ಷದಲ್ಲಿ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

“ಬದಲಿಸಿದರೆ ಇವನು ಹೋಗೇಬಿಡ್ತಾನೆ. ಯಾರು ಅಂತ ಗೊತ್ತಾಗೋದೇ ಇಲ್ಲ.”

“ಗೊತ್ತಾಗಿ ಏನಾಗಬೇಕು ರೀ?”

“ಒಡೆದು ನೋಡದೆ ಕಾಗದ ಹರಿದುಹಾಕು ಅಂತೀಯಲ್ಲ!”

“ಗುರುವಾರ ಸಂಜೆವರೆಗೆ ಟೈಮು. ಆಮೇಲೆ ನಾನೇ ಹರಿದುಹಾಕ್ತೀನಿ. ಕಾಗದಾನೋ, ನಿಮ್ಮನ್ನೋ ನೋಡ್ತೀನಿ.”

ಮುಂದಿನ ನಾಲ್ಕು ದಿನ ಭಾವ ಊಟ ಮಾಡಿದ್ದು ಒಂದು ಕೈಯಲ್ಲಿ, ಇನ್ನೊಂದರಲ್ಲಿ ನೋಟ್‌ಬುಕ್ಕು. ಆರನೆಯವರು ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬರುತ್ತಾರೆ. ಒಂದಕ್ಕೆ ಹೋಗುತ್ತಾರೆ. ಎರಡೂವರೆಗೆ ಮತ್ತೆ ಬಂದು ಏಳರವರೆಗೆ ಇರುತ್ತಾರೆ. ಮಂಗಳವಾರ ಪತ್ತೆಯೇ ಇಲ್ಲ. ಇದನ್ನು ನನಗೆ ಫೋನಿನಲ್ಲಿ ಓದಿಹೇಳುವಾಗ ಅವರ ದನಿ ತಗ್ಗಿತ್ತು. ಎದುರು ಸಾಲಿನ ಕ್ಷೌರದಂಗಡಿಗೆ ಮಂಗಳವಾರ ರಜೆ! ಬುಧವಾರ ಬೆಳಿಗ್ಗೆಯೇ ಭಾವ ಕ್ಷೌರಕ್ಕೆ ಹೋದರು. ಅಂದೇ ಸಂಜೆ ಗಡ್ಡಕ್ಕೆ ಹೋದರು. ಗುರುವಾರ ಬೆಳಿಗ್ಗೆ ಮೂರನೆಯ ಸಲ ಹೋದಾಗ ಅಂಗಡಿಯವರು ತಲೆ ಗಡ್ಡ ಎರಡನ್ನೂ ನೋಡಿ, “ಸಾರ್, ಇನ್ನು ಹುಬ್ಬು ಮಾತ್ರ ಉಳಿದಿದೆ” ಎಂದರಂತೆ. ಅವರ ಫೋನಿಗೆ ಅವರದೇ ನೆಟ್ಟಿತ್ತು. ಭಾವ ಸಪ್ಪೆ ಮುಖ, ನುಣ್ಣನೆಯ ಗಲ್ಲ ಹೊತ್ತು ವಾಪಸು ಬಂದರು.

“ಮೇಲಿನ ಮಹಡಿಯ ಟೈಲರಮ್ಮನಿಗೂ ಮಂಗಳವಾರ ರಜೆ ಅಲ್ವೇನೇ?” ಎಂದು ಅಕ್ಕನನ್ನು ಕೇಳಿಯೂ ಇದ್ದರು.

“ಅವಳನ್ನು ಬಿಡಿ, ಪಾಪ. ಸೂಜಿ ದಾರ ಬಿಟ್ಟರೆ ಅವಳಿಗೆ ಬೇರೇನು ಗೊತ್ತು?” ಎಂದು ಅಕ್ಕ ತಳ್ಳಿಹಾಕಿದ್ದಳು.

ಗುರುವಾರ ಸಂಜೆ ಐದೂವರೆಗೆ ಭಾವ ನನ್ನನ್ನು ಕರೆಸಿದರು. ಗಡುವು ಮುಗಿಯುತ್ತಿತ್ತು, ಆದರೆ ಅವರಿಗೊಂದು ದಾರಿ ಹೊಳೆದಿತ್ತು. ಪಾಸ್‌ವರ್ಡ್ ಅಲ್ಲ, ವೈಫೈ ಹೆಸರು ಬದಲಿಸುವುದು. ಕಂಪನಿಯವರು ಇಟ್ಟಿದ್ದ, ನಾಲಿಗೆಗೆ ಸಿಗದ ಅಂಕಿ ಅಕ್ಷರಗಳ ಹೆಸರನ್ನು ತೆಗೆದು ಅಲ್ಲೊಂದು ಪ್ರಶ್ನೆ ಇಡುವುದು. ಆರನೆಯವರು ಫೋನು ತೆರೆದರೆ ಅದು ಕಾಣುತ್ತದೆ, ಓದುತ್ತಾರೆ, ಉತ್ತರ ಹೇಳುತ್ತಾರೆ.

“ಹೆಸರು ಬದಲಿಸಿದರೆ ಎಲ್ಲಾ ಕಡಿದುಹೋಗಲ್ವಾ ಭಾವ?” ಎಂದು ಅನುಮಾನದಿಂದಲೇ ಕೇಳಿದೆ.

“ಯಾಕೆ ಹೋಗುತ್ತೆ? ಮನೆ ಮುಂದಿನ ಹೆಸರು ಬದಲಿಸಿದರೆ ಪೋಸ್ಟ್‌ಮ್ಯಾನಿಗೆ ಮನೆ ಮರೆತುಹೋಗುತ್ತೇನಯ್ಯಾ? ಎಷ್ಟು ಜನ ಮನೆ ಹೆಸರು ಬದಲಿಸಿಲ್ಲ ನನ್ನ ಸರ್ವೀಸಿನಲ್ಲಿ! ಒಂದು ಕಾಗದ ವಾಪಸು ಹೋಗಿಲ್ಲ.”

ಹಳೆಯ ಹೆಸರನ್ನು ಚೀಟಿಯಲ್ಲಿ ಬರೆದು ಆರನೆಯ ಖಾನೆಯಲ್ಲಿಟ್ಟರು. ಆಮೇಲೆ ‘ತಾವು ಯಾರೆಂದು ದಯವಿಟ್ಟು ತಿಳಿಸುವುದು’ ಎಂದು ತುಂಬಲು ಹೊರಟರು. ಹೆಸರು ತುಂಬುವ ಪೆಟ್ಟಿಗೆ ಒಪ್ಪಲಿಲ್ಲ, ಕನ್ನಡದಲ್ಲಿ ಹತ್ತು ಗುರುತಿಗಿಂತ ಹೆಚ್ಚು ಹಿಡಿಸುವಂತಿರಲಿಲ್ಲ. ಆದರೆ ತಂತಿಯ ಕಾಲದಲ್ಲಿ ಪದ ಉಳಿಸಿ ಪಳಗಿದ ಕೈಗೆ, ತಂತಿಯಿಲ್ಲದ ಕಾಲದಲ್ಲೂ ತೊಂದರೆಯಾಗಲಿಲ್ಲ. ದಯವಿಟ್ಟು ಹೋಯಿತು, ತಿಳಿಸುವುದೂ ಹೋಯಿತು. ಕೊನೆಗೆ ಉಳಿದದ್ದು: ನೀವು ಯಾರು?

“ಕಳ್ಳನಿಗೂ ಬಹುವಚನಾನಾ?” ಎಂದಳು ಅಕ್ಕ, ಬಾಗಿಲಲ್ಲಿ ನಿಂತು.

“ಗುರುತಿಲ್ಲದವರಿಗೆ ಏಕವಚನ ಹೇಗೆ ಹಾಕೋದು?” ಎಂದು ಭಾವ ಬದಲಿಸುವ ಗುಂಡಿ ಒತ್ತಿದರು.

ಟೀವಿಯಲ್ಲಿ ಬಾಯಿ ತೆರೆದಿದ್ದ ಸುದ್ದಿಯವಳು ಹಾಗೆಯೇ ನಿಂತಳು. ಪ್ರಿಂಟರು ಕೆಂಪು ದೀಪ ಮಿಟುಕಿಸಿತು. ಅಕ್ಕ ಒಳಗೆ ಓಡಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ‘ಸಂಪರ್ಕವಿಲ್ಲ’. ಇಡೀ ಮನೆ ಒಂದೇ ಗಳಿಗೆಯಲ್ಲಿ ಮನೆಯ ವಿಳಾಸ ಮರೆತಿತ್ತು.

“ರೀ! ಈ ಲ್ಯಾಪ್‌ಟಾಪಿಗೆ ಹೊಸ ಹೆಸರು ಹಾಕೋಕೆ ಆಸ್ಪತ್ರೆಯವರೇ ಬರಬೇಕು! ನಾಳೆ ಮೇಡಂ ಕೇಳಿಸಿಕೊಳ್ಳೋದು ಏನನ್ನ? ನನ್ನ ಅಳೂನಾ?”

ಭಾವ ಚೀಟಿಗೆ ಕೈಹಾಕುವಷ್ಟರಲ್ಲಿ ಕರೆಗಂಟೆ ಬಾರಿಸಿತು. ನಾನು ಬಾಗಿಲು ತೆರೆದೆ. ಕೊರಳಲ್ಲಿ ಅಳತೆಪಟ್ಟಿ, ತುಟಿಯಲ್ಲಿ ಗುಂಡುಸೂಜಿ, ಕೈಯಲ್ಲಿ ಫೋನು. ಮೇಲಿನ ಮಹಡಿಯ ಟೈಲರಮ್ಮ.

ಗುಂಡುಸೂಜಿ ತೆಗೆದು ಆಕೆ ಅಂದದ್ದು: “ಅಕ್ಕಾ, ನಿಮ್ಮ ನೆಟ್ ಹೋಯ್ತಾ? ಅದರ ಜಾಗದಲ್ಲಿ ‘ನೀವು ಯಾರು’ ಅಂತ ಯಾರೋ ಹೊಸಬರು ಬಂದಿದ್ದಾರೆ ನೋಡಿ.”

ಅಕ್ಕನ ಮುಖ ಬಿಳುಪೇರಿತು.

“ಇವಳು... ನಿನಗೆ ನಮ್ಮ ಪಾಸ್‌ವರ್ಡ್ ಯಾರು ಕೊಟ್ಟರು?”

“ನೀವೇ ಅಲ್ವಾ ಅಕ್ಕಾ? ಹೋದ ವರ್ಷ ನಿಮ್ಮ ಕೋಟಿಗೆ ಲೈನಿಂಗ್ ಹಾಕಿಸೋಕೆ ಬಂದಿದ್ರಲ್ಲ. ಗಿರಾಕಿ ಕಳಿಸಿದ ಡಿಸೈನ್ ತೆರೀತಾ ಇರಲಿಲ್ಲ. ನೀವೇ ನನ್ನ ಫೋನ್ ಇಸ್ಕೊಂಡು ಒತ್ತಿ ಕೊಟ್ರಿ. ‘ನಿನ್ನದು ಸರಿಹೋಗೋವರೆಗೆ ನಮ್ಮದೇ ಇಟ್ಕೋ’ ಅಂದ್ರಿ. ನಂದು ಇನ್ನೂ ಸರಿಹೋಗಿಲ್ಲ.”

ಕಳ್ಳನನ್ನು ಕರೆದು ಬೀಗದ ಕೈ ಕೊಟ್ಟದ್ದು ಅಕ್ಕನೇ ಎಂದು ತಿಳಿದು ನಾನು ಗೋಡೆಯ ಕಡೆ ತಿರುಗಿ ನಗು ನುಂಗಿದೆ. ಭಾವನಿಗೆ ಮಾತ್ರ ಅಕ್ಕನನ್ನು ಹಂಗಿಸುವುದೂ ನೆನಪಾಗಲಿಲ್ಲ, ಅಷ್ಟು ಖುಷಿ. “ಒಂಬತ್ತು ಇಪ್ಪತ್ತಕ್ಕೆ ಅಂಗಡಿ ತೆಗೀತೀರಿ. ಒಂದಕ್ಕೆ ಊಟ. ಮಂಗಳವಾರ ರಜ! ಸರೀನಾ?”

“ಸರಿ ಅಣ್ಣಾ,” ಟೈಲರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. “ಅದನ್ನೆಲ್ಲ ಯಾಕೆ ಬರ್ಕೊಂಡಿದ್ದೀರಿ?”

ಅಂಚೆಯವರಿಗೂ ಅಂಚು ಹೊಲಿಯುವವಳಿಗೂ ನಡುವೆ ಇದ್ದದ್ದು ಒಂದೇ ತಾರಸಿ. ಆ ತಾರಸಿ ದಾಟಲು ಭಾವ ಮೂರು ಸಲ ಕ್ಷೌರದಂಗಡಿ ಸುತ್ತಿದ್ದರು.

ಅಕ್ಕ ಸುಧಾರಿಸಿಕೊಂಡು, ನಾಳಿನ ಮೇಡಂ, ಮೂರನೆಯ ಸಲ, ಎರಡು ಬಸ್ಸು ಎಲ್ಲ ಹೇಳಿದಳು. ಟೈಲರಮ್ಮ ಫೋನನ್ನು ಅಕ್ಕನ ಕೈಗೇ ಕೊಟ್ಟಳು. “ಅಳಿಸಿಬಿಡಿ ಅಕ್ಕಾ. ನನ್ನಿಂದ ನಿಮ್ಮ ಕೆಲಸ ಹೋಗೋದು ಬೇಡ.” ಗುಂಡುಸೂಜಿಯನ್ನು ಅಳತೆಪಟ್ಟಿಗೆ ಚುಚ್ಚಿಕೊಂಡು, “ಆದರೂ ಒಂದು ವಿಚಿತ್ರ. ನಮಗೆ ಒಂದು ದಿನಾನೂ ಕಡಿದಿಲ್ಲ. ಯಾವಾಗ ನೋಡಿದರೂ ಸಿಗ್ನಲ್ ಗೆರೆ ಪೂರ್ತಿ ಇರುತ್ತೆ” ಎಂದಳು.

ಭಾವ ನೋಟ್‌ಬುಕ್ ಮುಚ್ಚುತ್ತಿದ್ದವರು ನಿಂತರು.

“ಪೂರ್ತಿ? ತಾರಸಿ ದಾಟಿ?”

“ಪೂರ್ತಿ.”

“ಪಕ್ಕದ ಕೋಣೆಯಲ್ಲಿ ಕಡಿಯುತ್ತೆ. ಮೇಲಿನ ಮಹಡಿಗೆ ಪೂರ್ತಿ.” ಭಾವ ನನ್ನ ಕಡೆ ತಿರುಗಿದರು. “ದೂರದ ಊರಿಗೆ ಹೊತ್ತಿಗೆ ಸರಿಯಾಗಿ ಕಾಗದ ಸೇರುತ್ತೆ, ಪಕ್ಕದ ಬೀದಿಗೆ ಸೇರಲ್ಲ. ಅಂದರೆ ಏನಯ್ಯಾ?”

“ಏನು ಭಾವ?”

“ವಿಂಗಡಿಸೋ ಕಡೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ.”

ಮೊದಲು ಹಳೆಯ ಹೆಸರನ್ನು ವಾಪಸು ಹಾಕಿದರು. ಸುದ್ದಿಯವಳು ಬಾಯಿ ಮುಚ್ಚಿ ಮುಂದಿನ ಸುದ್ದಿಗೆ ಹೋದಳು. ಲ್ಯಾಪ್‌ಟಾಪೂ ತಾನಾಗಿ ಕೂಡಿಕೊಂಡಿತು. ಆಮೇಲೆ ಭಾವ ಫೋನನ್ನು ದೀಪದಂತೆ ಮುಂದೆ ಹಿಡಿದು ಮನೆಯಿಡೀ ನಡೆದರು. ನಾವು ಮೂವರೂ ಸಾಲಾಗಿ ಹಿಂದೆ. ಕಪಾಟಿನ ಮುಂದೆ ನಿಂತರೆ ಗೆರೆ ಪೂರ್ತಿ. ಅಡುಗೆಮನೆಯಲ್ಲಿ ಮೂರು. ಅಕ್ಕನ ಕೋಣೆಯ ಹೊಸ್ತಿಲು ದಾಟಿದ ಕೂಡಲೇ ಒಂದು. ಅಕ್ಕನ ಮೇಜು ಯಾವ ಗೋಡೆಗೆ ತಾಗಿತ್ತೋ, ಆ ಗೋಡೆಯನ್ನು ಭಾವ ಬೆರಳಿನಿಂದ ತಟ್ಟಿದರು. ಅದರ ಆಚೆ ಏನಿದೆ ಎಂಬುದು ನಮ್ಮೆಲ್ಲರಿಗೂ ಒಟ್ಟಿಗೇ ಹೊಳೆಯಿತು.

ಉಕ್ಕಿನ ಕಪಾಟಿನ ಬೆನ್ನು.

ಐದನೆಯ ಖಾನೆಗೆ ಮುಚ್ಚಳವಿಲ್ಲದ್ದರಿಂದ ಮೇಲಕ್ಕೆ ದಾರಿ ಸಲೀಸು. ಅಕ್ಕನ ಕಡೆಗೆ ಮಾತ್ರ ದಪ್ಪ ತಗಡು. ಮೂವತ್ತೊಂದು ವರ್ಷ ಊರಿನ ಕಾಗದಗಳನ್ನೆಲ್ಲ ದಾಟಿಸಿದ ಕಪಾಟು ಮನೆಯೊಡತಿಯ ಮಾತನ್ನು ತಡೆದು ನಿಲ್ಲಿಸಿಕೊಂಡಿತ್ತು. ಭಾವ ರೂಟರನ್ನು ಈಚೆ ತೆಗೆದು, ತಂತಿ ಎಟುಕುವಷ್ಟು ದೂರ, ಕೋಣೆಯ ಬಾಗಿಲಿಗೆ ತಂದು ಎತ್ತಿ ಹಿಡಿದರು.

“ಮೂರು ಗೆರೆ!” ಒಳಗಿನಿಂದ ಅಕ್ಕ ಕೂಗಿದಳು. “ಅಲ್ಲೇ ಇರಿ! ಅಲ್ಲಾಡಬೇಡಿ! ನಾಲ್ಕು!”

ತೊಂದರೆ ಏನೆಂದರೆ, ಆ ಜಾಗದಲ್ಲಿ ಮೊಳೆಯೂ ಇಲ್ಲ, ಹಲಗೆಯೂ ಇಲ್ಲ. ಗೋಡೆ ಕೊರೆಯುವವರು ಶನಿವಾರಕ್ಕೆ ಮೊದಲು ಬರುವುದಿಲ್ಲ.

ಶುಕ್ರವಾರ ಹನ್ನೊಂದಕ್ಕೆ ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಕೋಣೆಯ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಭಾವ ಕೂತಿದ್ದರು. ಎರಡೂ ಕೈಯಲ್ಲಿ ರೂಟರು, ಅದರ ಎರಡು ಕೊಂಬು ಅವರ ಗಲ್ಲದ ಎರಡು ಪಕ್ಕ. ಹತ್ತಕ್ಕೆ ಕೂತವರು ಅಲ್ಲಾಡಿರಲಿಲ್ಲ. ಒಳಗೆ ಅಕ್ಕ ‘ಎಡಗಣ್ಣಾ, ಬಲಗಣ್ಣಾ’ ಕೇಳುತ್ತಿದ್ದಳು.

“ಮೂಗು” ಎಂದು ಭಾವ ನನಗೆ ಪಿಸುಗುಟ್ಟಿದರು. “ಮೂಗು ಕೆರೆಯಯ್ಯಾ, ಪುಣ್ಯ ಬರುತ್ತೆ. ಬಲಕ್ಕೆ. ಇನ್ನೂ ಬಲಕ್ಕೆ.”

ಮೂಗು ಕೆರೆದೆ. “ಸ್ಟೂಲಿನ ಮೇಲೇ ಇಡಬಹುದಿತ್ತಲ್ಲ ಭಾವ?”

“ಇಟ್ಟು ನೋಡಿದೆ. ಕೆಳಗೆ ಬಂದರೆ ಎರಡು ಗೆರೆ.”

ಹನ್ನೆರಡಕ್ಕೆ ಟೈಲರಮ್ಮ ಬರಿಗಾಲಲ್ಲಿ ಸದ್ದಿಲ್ಲದೆ ಬಂದಳು. ಭಾವನನ್ನಲ್ಲ, ಅವರ ಕೈಯಲ್ಲಿದ್ದ ರೂಟರನ್ನು ಅಳತೆಪಟ್ಟಿಯಲ್ಲಿ ಅಳೆದಳು: ಉದ್ದ, ಅಗಲ, ಕೊಂಬಿನ ಸುತ್ತಳತೆ. ಚೀಟಿಯಲ್ಲಿ ಬರೆದುಕೊಂಡು ಹೋದಳು. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇತ್ತು.

ಒಂದು ಗಂಟೆ ಐದು ನಿಮಿಷಕ್ಕೆ ಅಕ್ಕ ಹೆಡ್‌ಫೋನು ಕುತ್ತಿಗೆಗೆ ಇಳಿಸಿಕೊಂಡು ಹೊರಗೆ ಬಂದಳು. ಭಾವ ಆಗಲೂ ಕೈ ಇಳಿಸಲಿಲ್ಲ.

“ಏನಂದರು?”

“ಇಪ್ಪತ್ತೆರಡು ಕರೆ, ಒಂದೂ ಕಡೀಲಿಲ್ಲ ಅಂದರು. ಮನೆಯಿಂದಲೇ ಮಾಡಿ, ಆದರೆ ನಡುನಡುವೆ ಯಾರೋ ಮೂಗು ಮೂಗು ಅಂತಾರಲ್ಲ, ಅವರನ್ನು ಸ್ವಲ್ಪ ದೂರ ಕೂರಿಸಿ ಅಂದರು.”

ಭಾವನ ಕೈ ಇಳಿಸಲು ನಾನೂ ಅಕ್ಕನೂ ಎರಡು ಕಡೆ ಹಿಡಿದುಕೊಳ್ಳಬೇಕಾಯಿತು. ಮೊಣಕೈ ಮಡಚಿದಲ್ಲೇ ನಿಂತುಹೋಗಿತ್ತು. ಅಷ್ಟರಲ್ಲಿ ಟೈಲರಮ್ಮ ದಪ್ಪ ಖಾಕಿ ಬಟ್ಟೆಯ ಚೀಲವೊಂದನ್ನು ತಂದಳು. ಕೊಂಬು ಹೊರಗೆ ಬರಲು ಎರಡು ಕಾಜ, ತಂತಿಗೊಂದು ತೂತು, ಬಾಗಿಲ ಚೌಕಟ್ಟಿಗೆ ಸಿಕ್ಕಿಸಲು ಪಟ್ಟಿ. ಅಂಚೆಯವರ ಹೆಗಲಚೀಲದ ಮರಿಯಂತಿತ್ತು. ರೂಟರನ್ನು ಅದರಲ್ಲಿ ಇಳಿಸಿ ನೇತುಹಾಕಿದರು. ಹಿಂದಿನ ಸಂಜೆಯ ಗಡಿಬಿಡಿಯಲ್ಲಿ ತನ್ನ ಬಳಿಯೇ ಉಳಿದಿದ್ದ ಟೈಲರಮ್ಮನ ಫೋನನ್ನು ಅಕ್ಕ ವಾಪಸು ಕೊಟ್ಟಳು. ಅದರಲ್ಲಿ ಏನನ್ನೂ ಅಳಿಸಿರಲಿಲ್ಲ.

“ಅಣ್ಣಾ, ಆ ಹೊಸ ಹೆಸರು ಯಾಕೆ ತೆಗೆದ್ರಿ? ಮರ್ಯಾದೆಯಾಗಿ ಕೇಳಿದ್ದಿರಿ” ಎಂದಳು ಟೈಲರಮ್ಮ.

“ಇನ್ನೊಂದು ಸಲ ಹೆಸರಿಗೆ ಕೈಹಾಕಿದರೆ ನಿಮ್ಮ ಹೆಸರು ನಾನು ಬದಲಿಸ್ತೀನಿ” ಎಂದು ಅಕ್ಕ ಭಾವನಿಗೆ ಹೇಳಿ ಊಟಕ್ಕೆ ತಟ್ಟೆ ಹಾಕಲು ಹೋದಳು. ನಾಲ್ಕು ತಟ್ಟೆ.

ಭಾವ ಖಾಲಿಯಾದ ಐದನೆಯ ಖಾನೆಯ ಮುಂದೆ ನಿಂತರು. ಆಮೇಲೆ ನೋಟ್‌ಬುಕ್ ತೆರೆದು, ಆರನೆಯವರ ಪುಟದ ಕೆಳಗೆ ಹಳೆಯ ಅಭ್ಯಾಸದಂತೆ ‘ಸೇರಿದೆ’ ಎಂದು ಬರೆದು, ತಾರೀಖು ಹಾಕಿ, ಅದನ್ನು ಆ ಖಾನೆಯಲ್ಲಿಟ್ಟರು.