ಮುನ್ನೂರಹತ್ತು ಒಂದು ಕಡೆ, ಒಂದು ಇನ್ನೊಂದು ಕಡೆ

ನನ್ನ ಮೈದುನ ಟೈಲರ್. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಹನ್ನೆರಡು ವರ್ಷ, ಆಗಲೇ ನನ್ನ ಸೀರೆಗೆ ಫಾಲ್ಸ್ ಹಚ್ಚಿಕೊಟ್ಟಿದ್ದ, ಸೊಟ್ಟಗೆ. ಆ ಸೀರೆ ಇನ್ನೂ ಇದೆ. ಇರಲಿ.

ಅವನ ಹೊಲಿಗೆ ಮಿಷನ್ ಇರುವುದು ನಮ್ಮ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿ. ಚುನಾವಣೆ ಬಂತೆಂದರೆ ಕೋಣೆ ತುಂಬ ಬಾವುಟದ ಬಟ್ಟೆ. ಹಳದಿಯವರದೂ ಹೊಲಿಯುತ್ತಾನೆ, ನೀಲಿಯವರದೂ ಹೊಲಿಯುತ್ತಾನೆ. ಉಳಿದ ತುಂಡುಗಳಲ್ಲಿ ಊರ ಮಕ್ಕಳಿಗೆಲ್ಲ ಚಡ್ಡಿ. ಒಂದು ಕಾಲು ಹಳದಿ, ಒಂದು ಕಾಲು ನೀಲಿ. "ನಮ್ಮೂರಲ್ಲಿ ಪಕ್ಷಭೇದ ಇಲ್ಲದೆ ಇರೋದು ಹುಡುಗರ ಅಂಡಿಗೆ ಮಾತ್ರ ಅತ್ತಿಗೆ" ಅನ್ನುತ್ತಿದ್ದ. ನಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಇನ್ನು ಊರಿನ ವಿಷಯ. ಹೇಳುವುದಕ್ಕೇ ವಾಕರಿಕೆ ಬರುತ್ತದೆ. ಓಟಿನ ಹಿಂದಿನ ದಿನ ಸ್ಕೂಲಿನ ಜಗಲಿಯಲ್ಲಿ ನಾಲ್ಕು ಜನ ಗಂಡಸರು ಕೂತು ಯಾರಿಗೆಂದು ತೀರ್ಮಾನ ಮಾಡುತ್ತಾರೆ. ಮಿಕ್ಕವರು ಹೋಗಿ ಒತ್ತಿ ಬರಬೇಕು, ಅಷ್ಟೇ. ಒಂದು ಸಲ ಹಳದಿ, ಒಂದು ಸಲ ನೀಲಿ, ಯಾರು ರಸ್ತೆ ಹಾಕಿಸ್ತೀವಿ ಅಂದರೋ ಅವರು. ಹೆಂಗಸರನ್ನು ಕೇಳುವವರಿಲ್ಲ. ಜಗಲಿಯಲ್ಲಿ ಕೂರುವವರಲ್ಲಿ ಹಿರಿಯ ಎಂದರೆ ಕನ್ನಡಕದ ದೊಡ್ಡಪ್ಪ. ಊರಿಗೆಲ್ಲ ದೊಡ್ಡಪ್ಪ. ಕನ್ನಡಕ ದಪ್ಪಗಾದಷ್ಟೂ ಕಾಣುವುದು ಕಡಿಮೆಯಾಗಿತ್ತು, ಆದರೆ ಅದನ್ನು ಒಪ್ಪಿಕೊಳ್ಳುವ ಆಸಾಮಿಯಲ್ಲ.

ಆ ಸಲ ತೀರ್ಮಾನವಾದದ್ದು ನೀಲಿ. ಓಟಿನ ಮಿಷನ್ನಿನಲ್ಲಿ ಮೇಲಿನಿಂದ ಎರಡನೆಯದು ಎಂದು ದೊಡ್ಡಪ್ಪನೇ ಮನೆಮನೆಗೆ ಬಂದು ಹೇಳಿದ. ಹಳದಿ ಮೂರನೆಯದು. ಬೂತಿನಲ್ಲಿ ಸಾಲಲ್ಲಿ ದೊಡ್ಡಪ್ಪನ ಹಿಂದೆಯೇ ನನ್ನ ಮೈದುನ ನಿಂತಿದ್ದ. ಒತ್ತಿ ಹೊರಗೆ ಬಂದ ದೊಡ್ಡಪ್ಪ ಅವನ ತೋಳು ಹಿಡಿದು ಕಿವಿಯಲ್ಲಿ ಅಂದನಂತೆ, "ತಡಕಾಡಿ ಒತ್ತಿದೆ ಕಣೋ. ಎರಡನೇದರ ಕೆಳಗಿನ ದೀಪ ಹತ್ತಿದ ಹಾಗಾಯ್ತು." ಇವನು ಮುದುಕನ ಸಮಾಧಾನಕ್ಕೆ "ಸರಿಯಾಗೇ ಒತ್ತಿರ್ತೀರಿ ಬಿಡಿ" ಅಂದನಂತೆ. ಮನೆಗೆ ಬಂದು ನನಗೊಬ್ಬಳಿಗೆ ಹೇಳಿ ನಕ್ಕ.

ಬೂತ್ ಬೂತಿನ ಲೆಕ್ಕ ಹೊರಗೆ ಬಂದಾಗ ನಮ್ಮೂರಲ್ಲಿ ನೀಲಿಗೆ ಮುನ್ನೂರಹತ್ತು, ಹಳದಿಗೆ ಒಂದು. ಗೆದ್ದ ನೀಲಿಯವರ ಕಡೆಯವನೊಬ್ಬ ಬಂದು, ನಿಮ್ಮೂರಲ್ಲೂ ಒಬ್ಬ ಹಳದಿಯವನಿದ್ದಾನೆ, ರಸ್ತೆ ಮುಂದಿನ ವರ್ಷ ನೋಡೋಣ ಅಂದು ಜೀಪು ಹತ್ತಿದ. ಒಂದು ಓಟು! ಜಗಲಿಯಲ್ಲಿ ಮತ್ತೆ ಕೂತರು. ಕೊನೆಯ ವಾರ ಹಳದಿ ಬಾವುಟ ಹೊಲಿದವನು ಯಾರು? ಟೈಲರ್. ಹಾಗಾದರೆ ಅವನೇ. ಅಷ್ಟೇ ಅವರ ವಿಚಾರಣೆ. ದೊಡ್ಡಪ್ಪ ಅಲ್ಲೇ ಇದ್ದ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಕೂತಿದ್ದ.

ಸ್ಕೂಲಿನ ಯೂನಿಫಾರ್ಮು ಪೇಟೆಯ ಅಂಗಡಿಗೆ ಹೋಯಿತು. ಅದೇ ಅವನ ವರ್ಷದ ಅನ್ನ. ಆಮೇಲೆ ಹೆಂಗಸರ ರವಿಕೆಗಳೂ ನಿಂತವು. ಅಳತೆಗೆಂದು ಕೊಟ್ಟಿದ್ದ ಹಳೇ ರವಿಕೆಗಳನ್ನೂ ವಾಪಸ್ಸು ಕೇಳಿದರು, ನನ್ನ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡವರು! ಮಿಷನ್ನಿನ ಮೇಲೆ ಬೆಡ್‌ಶೀಟು ಹೊದಿಸಿಟ್ಟ. ಹೇಳಿಬಿಡೋ ಎಂದು ಎಷ್ಟು ಬೇಡಿಕೊಂಡೆ. ತಾನು ಹೇಳಿದರೆ ಚಾಡಿಯಾಗುತ್ತದೆ, ದೊಡ್ಡಪ್ಪನೇ ಹೇಳಬೇಕು ಅಂದ. ಹೇಳುತ್ತಾರೆ ಎಂದು ಎರಡು ತಿಂಗಳು ಕಾದ, ಪಾಪ.

ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ದೊಡ್ಡಪ್ಪ ಬಂದ. ಕಂಕುಳಲ್ಲೊಂದು ಹರಿದ ಅಂಗಿ. ಹಿತ್ತಿಲಿನಿಂದ ಬಂದನಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

"ಜಗಲಿಯಲ್ಲಿ ಒಂದು ಮಾತು ಹೇಳ್ತೀರೋ ಇಲ್ವೋ?" ಅಂದೆ.

"ನನ್ನ ಮರ್ಯಾದೆ ಹೋಗುತ್ತಲ್ಲಮ್ಮ."

"ಇವನದು ಹೋಗಿಲ್ವಾ?"

"ಇವನು ಟೈಲರ್ ತಾನೇ."

ಥೂ. ಎಷ್ಟು ಸಹಜವಾಗಿ ಅಂದ ಅಂದರೆ, ಅವನಿಗೆ ಅದು ಬೈಗುಳ ಅಂತಲೂ ಅನಿಸಿರಲಿಲ್ಲ. ನನ್ನ ಮೈದುನ ಅಂಗಿ ತೆಗೆದುಕೊಂಡ, ಹರಿದದ್ದನ್ನು ಬೆಳಕಿಗೆ ಹಿಡಿದು ನೋಡಿದ. ಹೊಲಿದೇಬಿಡುತ್ತಾನೆ ಎಂದುಕೊಂಡೆ, ಅಂಥ ಮೆತ್ತನೆಯ ಪ್ರಾಣಿ ಅವನು. ಮಡಿಸಿ ವಾಪಸ್ಸು ಕೊಟ್ಟ.

"ಪೇಟೆಗೆ ಹೋಗಿ ದೊಡ್ಡಪ್ಪ. ಯೂನಿಫಾರ್ಮು ಹೊಲಿಯೋರು ಚೆನ್ನಾಗಿ ಹೊಲೀತಾರೆ."

ಆಮೇಲೆ ಅವನೂ ಪೇಟೆಗೇ ದಿನಾ ಬಸ್ಸಿನಲ್ಲಿ ಹೋಗತೊಡಗಿದ, ಬೇರೆಯವರ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯುವುದಕ್ಕೆ. ನಲವತ್ತು ವರ್ಷ ತನ್ನದೇ ಕತ್ತರಿ ಹಿಡಿದವನು.

ಮುಂದಿನ ಚುನಾವಣೆಯ ಹೊತ್ತಿಗೆ ದೊಡ್ಡಪ್ಪನ ಕಣ್ಣಿಗೆ ಆಪರೇಷನ್ ಆಗಿತ್ತು. ಆ ಸಲವೂ ಜಗಲಿಯವರು ನೀಲಿ ಅಂದರು. ರಸ್ತೆ ಇನ್ನೂ ಬಂದಿರಲಿಲ್ಲ, ಆದರೂ ನೀಲಿಯೇ. ದೊಡ್ಡಪ್ಪನ ಕೈ ಈಗ ತಪ್ಪುವ ಹಾಗಿರಲಿಲ್ಲ. ಲೆಕ್ಕ ಬಂದಾಗ ಹಳದಿಗೆ ಎರಡು ಓಟು ಬಿದ್ದಿತ್ತು.

ಒಂದು ನನ್ನ ಮೈದುನನದು. ಓಟು ಹಾಕಿ ಬಂದವನೇ ಬೆಡ್‌ಶೀಟು ತೆಗೆದು, ಮಿಷನ್ನಿಗೆ ಎಣ್ಣೆ ಬಿಡುತ್ತಾ, "ನಾನು ಮಾಡದ ತಪ್ಪಿಗೆ ಶಿಕ್ಷೆ ಮೊದಲೇ ಆಗಿತ್ತಲ್ಲ ಅತ್ತಿಗೆ, ಅದಕ್ಕೇ ಮಾಡಿಬಿಟ್ಟೆ" ಅಂದ. ಇನ್ನೊಂದು ಯಾರದೆಂದು ಜಗಲಿಯವರು ಇವತ್ತಿಗೂ ಹುಡುಕುತ್ತಿದ್ದಾರೆ. ಹೆಂಗಸರನ್ನು ಮಾತ್ರ ಕೇಳಿಲ್ಲ.