ಎಸಳಿನ ಮೇಲಿನ ಕಪ್ಪು ಚುಕ್ಕೆ

ನಮ್ಮ ಬೆಡ್‌ಶೀಟ್ ಕಾರ್ಖಾನೆಯಲ್ಲಿ ಹೂವಿನ ಚಿತ್ರ ಬರೆಯುವವಳಿಗೆ ನಾವಿಟ್ಟ ಹೆಸರು ಹೂವಕ್ಕ. ಹದಿನೆಂಟು ವರ್ಷ ಅವಳ ಹೂವುಗಳಿಗೆ ಬಣ್ಣ ಕಲಸಿದವನು ನಾನು. ಸಾವಿರಾರು ಜನ ಅವಳ ಹೂವಿನ ಮೇಲೆ ಮಲಗುತ್ತಾರೆ, ಅವಳು ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಇದಕ್ಕೆ ಅವಳಿಗೆ ಬೇಜಾರಿಲ್ಲ, ನನಗೆ ಮಾತ್ರ ಮೈ ಉರಿಯುತ್ತದೆ.

ತನ್ನ ಅಮ್ಮ ತೀರಿಕೊಂಡ ಮರುವಾರವೇ ಅವಳು ಕೆಲಸಕ್ಕೆ ಬಂದಳು. ಅಳಲಿಲ್ಲ. ಸಮಾಧಾನ ಹೇಳಲು ಹೋದವರನ್ನು "ನಿಮ್ಮದು ಊಟ ಆಯ್ತಾ?" ಎಂದು ಕೇಳಿ ಸಾಗಹಾಕಿದಳು. ಆಮೇಲೆ ನಾಲ್ಕು ತಿಂಗಳು ಪೆನ್ಸಿಲ್ ಹಿಡಿದು ಕೂತದ್ದೇ ಬಂತು, ಹಾಳೆ ಬೆಳ್ಳಗೇ ಉಳಿಯಿತು.

"ಏನೂ ಅನ್ನಿಸ್ತಿಲ್ಲಣ್ಣಾ. ದುಃಖಾನೂ ಇಲ್ಲ," ಎಂದಳು ಒಮ್ಮೆ. ಇವತ್ತು ಸೆಕೆ ಜಾಸ್ತಿ ಎನ್ನುವ ಹಾಗೆ ಹೇಳಿದಳು.

ಕೊನೆಗೆ ಮ್ಯಾನೇಜರು ಗಡುವು ಕೊಟ್ಟರು. ಸೋಮವಾರಕ್ಕೆ ಹೊಸ ಹೂವು ಬರದಿದ್ದರೆ ಅವಳನ್ನು ಬೆಡ್‌ಶೀಟ್ ಮಡಚುವ ಕೆಲಸಕ್ಕೆ ಹಾಕುವುದು.

ಹೂವಕ್ಕನ ತಂಗಿಯ ಬಾಯಿಗೆ ಬೀಗವಿಲ್ಲ, ಆದರೆ ಬುದ್ಧಿ ಚುರುಕು. ಅವಳೊಂದು ವೆಬ್‌ಸೈಟ್ ತೋರಿಸಿದಳು. ಯಾವ ಫೋಟೋ ಹಾಕಿದರೂ ಅದರ ತುಂಡನ್ನು ಸುತ್ತಲೂ ಕನ್ನಡಿ ಇಟ್ಟಂತೆ ತಿರುಗಿಸಿ ವಿನ್ಯಾಸ ಮಾಡಿಕೊಡುತ್ತದೆ.

"ನಿನ್ನ ಗಡಿಗೆ ಮುಖಾನೇ ಹಾಕಿ ನೋಡಕ್ಕಾ, ಅದೂ ಹೂವಾಗುತ್ತೆ!"

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಹೂವಕ್ಕ ಭಾನುವಾರವೆಲ್ಲ ಹಿತ್ತಲಲ್ಲಿ ಅಲೆದು ಎಲೆ, ಬಸವನಹುಳು, ಗೋಡೆಯ ಪಾಚಿ, ಸಿಕ್ಕಿದ್ದನ್ನೆಲ್ಲ ಫೋಟೋ ತೆಗೆದಳು. ವಿನ್ಯಾಸಗಳು ಲಕ್ಷಣವಾಗಿಯೇ ಬಂದವು, ಜೀವ ಇರಲಿಲ್ಲ. ಫೋನಿನಲ್ಲಿ ಜಾಗ ಸಾಲದೆ ಹಳೆಯವನ್ನು ಅಳಿಸುತ್ತಿದ್ದಾಗ ಒಂದು ಫೋಟೋ ಸಿಕ್ಕಿತು. ಅಮ್ಮ ಹಾಸಿಗೆ ಹಿಡಿದಿದ್ದಾಗ ಇವಳು ಆಕೆಯ ಮೂಗಿನ ಕೆಳಗೆ ಒಣಗಿದ ಎಲೆಯಿಟ್ಟು, ಮೀಸೆ ಬಂತೆಂದು ನಗಿಸಿ, ಫೋನ್ ಎತ್ತಿದ್ದಳಂತೆ. "ಥೂ, ಹೋಗೇ!" ಎಂದು ಅಮ್ಮ ಕೈ ಅಡ್ಡ ಹಿಡಿದಿದ್ದರು. ಫೋಟೋದಲ್ಲಿ ಬಂದದ್ದು ಐದು ಬೆರಳು, ಅವುಗಳ ಹಿಂದೆ ಅರ್ಧ ಎಲೆ.

ಅದನ್ನು ಹಾಕಿದಳು. ಬೆರಳುಗಳು ಎಸಳುಗಳಾಗಿ ಸುತ್ತ ನಿಂತವು. ಫೋನನ್ನು ಎದುರಿಗಿಟ್ಟುಕೊಂಡು ಬರೆಯತೊಡಗಿದಳು. ಕೈ ಓಡಿತು, ಎದೆ ಮಾತ್ರ ಮರಗಟ್ಟಿಕೊಂಡೇ ಇತ್ತು ಎಂದು ಆಮೇಲೆ ನನಗೆ ಹೇಳಿದಳು.

ಸೋಮವಾರ ಮ್ಯಾನೇಜರು ಕನ್ನಡಕ ಏರಿಸಿ ನೋಡಿದರು. ನಮ್ಮ ಕೆಲಸದಲ್ಲಿ ಚುಕ್ಕೆಯೆಂದರೆ ಆಗದು. ಹಾಳೆಯಲ್ಲಿ ಒಂದು ಉಳಿದರೆ ಬಟ್ಟೆಯುದ್ದಕ್ಕೂ ಸಾವಿರವಾಗುತ್ತದೆ.

"ಭೇಷ್! ಆದ್ರೆ ಈ ಎಸಳಿನ ತುದೀಲಿ ಕಪ್ಪು ಚುಕ್ಕೆ ಇದೆಯಲ್ಲಮ್ಮಾ. ಅಳಿಸಿಬಿಡು."

ಹೂವಕ್ಕ ರಬ್ಬರ್ ತೆಗೆದುಕೊಂಡಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಎದುರು ಮಾತಾಡಿದವಳಲ್ಲ. ರಬ್ಬರ್ ಹಾಳೆಗೆ ತಾಗಿ ಅಲ್ಲೇ ನಿಂತಿತು.

"ಅಳಿಸಲ್ಲ ಸಾರ್."

"ಯಾಕಮ್ಮಾ?"

"ಅದು ನಮ್ಮಮ್ಮನ ಉಗುರು. ಬಾಗಿಲ ಸಂದಿಗೆ ಸಿಕ್ಕಿ ಕಪ್ಪಾಗಿತ್ತು." ರಬ್ಬರ್ ಕೆಳಗಿಟ್ಟಳು. "ಬಾಗಿಲು ಹಾಕಿದ್ದು ನಾನೇ."

ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಕಪ್ಪು ಬಣ್ಣ ಕಲಸಲು ಎದ್ದೆ.